ಬೆಳಕಿಗೂ ದೂರವಾಗುವ ದಾರಿ

ಮಕ್ಕಳೇ, ಫೋನಿನಲ್ಲಿ ಒಂದು ಚಿತ್ರವನ್ನು ಒತ್ತಿದ ಕೂಡಲೇ ಅದು ತೆರೆದುಕೊಳ್ಳುತ್ತದಲ್ಲ, ಅದುವರೆಗೆ ಆ ಚಿತ್ರ ಎಲ್ಲಿತ್ತು? ಬಹಳ ಸಲ ಅದು ಫೋನಿನೊಳಗೆ ಇರುವುದೇ ಇಲ್ಲ. ಸಾವಿರಾರು ಕಂಪ್ಯೂಟರುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ ದೊಡ್ಡ ದೊಡ್ಡ ಕಟ್ಟಡಗಳಿವೆ. ಅವೇ ಡೇಟಾ ಸೆಂಟರುಗಳು. ಅಲ್ಲಿರುವ ಕಂಪ್ಯೂಟರುಗಳಿಂದ ದೂರದಲ್ಲೇ ಕುಳಿತು ಕೆಲಸ ಮಾಡಿಸಿಕೊಳ್ಳುವುದಕ್ಕೆ ಕ್ಲೌಡ್ ಎನ್ನುತ್ತಾರೆ. ಅಮೆರಿಕದ ವರ್ಜೀನಿಯಾದಲ್ಲಿ ಇಂಥ ಕಟ್ಟಡಗಳು ಬಹಳ.

ಬನ್ನಿ, ಒಂದು ಲೆಕ್ಕ ಮಾಡೋಣ. ನೀವು ಒತ್ತಿದ ಚಿತ್ರ ಅಲ್ಲಿದೆ ಎನ್ನಿ. ಅದನ್ನು ಕೇಳುವ ನಿಮ್ಮ ಕೋರಿಕೆ ಕಡಲಡಿಯಲ್ಲಿ ಹಾಸಿದ ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕಾಗಿ ಓಡುತ್ತದೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ವರ್ಜೀನಿಯಾಕ್ಕೆ 14,000 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೋಗಿ ಬರಲು 28,000. ಭಾಗಿಸಿ ನೋಡಿ, 0.14 ಸೆಕೆಂಡ್ ಬಂತಲ್ಲವೇ? ಕೇಬಲ್ಲು ಸುತ್ತಿ ಬಳಸಿ ಹೋಗುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು.

ಅಷ್ಟೇನಾ ಅನ್ನಿಸಬಹುದು. ಆದರೆ ಒಂದು ಪುಟ ತೆರೆಯಲು ಇಂಥ ಓಡಾಟ ಹತ್ತಾರು ಸಲ ನಡೆಯಬಹುದು. ಒಂದಾದ ಮೇಲೊಂದರಂತೆ ಹತ್ತು ಸಲ ಓಡಿದರೂ 1.4 ಸೆಕೆಂಡ್. ಆಟ ಆಡುವಾಗ ಅಷ್ಟು ತಡವಾದರೆ ಚೆಂಡು ಕೈತಪ್ಪಿ ಹೋಗಿರುತ್ತದೆ! ಬೆಳಕಿಗಿಂತ ವೇಗವಾಗಿ ಓಡಬಲ್ಲದ್ದು ಯಾವುದೂ ಇಲ್ಲ. ವೇಗ ಹೆಚ್ಚಿಸಲು ಆಗದಿದ್ದರೆ ಏನು ಮಾಡಬಹುದು? ದೂರವನ್ನೇ ಕಡಿಮೆ ಮಾಡಬಹುದು.

ಶಾಲೆಯ ಬಿಸಿಯೂಟವನ್ನು ನೆನಪಿಸಿಕೊಳ್ಳಿ. ರಾಜ್ಯಕ್ಕೆಲ್ಲ ಒಂದೇ ಕಡೆ ಬೇಯಿಸಿ ಕಳಿಸಿದ್ದರೆ ನಿಮ್ಮ ತಟ್ಟೆಗೆ ಬೀಳುವ ಹೊತ್ತಿಗೆ ಸಾರು ತಣ್ಣಗಾಗಿರುತ್ತಿತ್ತು. ಪ್ರತಿ ಶಾಲೆಯಲ್ಲೂ ಅಡುಗೆಮನೆ ಇದ್ದರೆ ಒಲೆಯಿಂದ ಇಳಿಸಿದ್ದೇ ತಡ, ಊಟ. ಅಡುಗೆ ಮಾಡುವ ಕ್ರಮ ಎಲ್ಲ ಕಡೆ ಒಂದೇ, ಒಲೆಗಳು ಮಾತ್ರ ನೂರಾರು. ಹಾಗೆಯೇ ಒಂದೇ ಪ್ರೋಗ್ರಾಮಿನ ಪ್ರತಿಗಳನ್ನು ಹಲವು ಊರುಗಳ ಕಂಪ್ಯೂಟರುಗಳಲ್ಲಿಟ್ಟು, ಬಳಸುವವರ ಹತ್ತಿರದಲ್ಲೇ ಕೆಲಸ ಮಾಡಿಸುವುದು ಎಡ್ಜ್ ಕಂಪ್ಯೂಟಿಂಗ್. ಬೆಂಗಳೂರಿನ ಮಗುವಿಗೆ ಚೆನ್ನೈನ ಕಂಪ್ಯೂಟರು ಉತ್ತರ ಕೊಟ್ಟರೆ, ಬೆಳಕು ಹೋಗಿ ಬರಲು ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕೈದು ಪಾಲು ಸಾಕು.

ಈ ದಾರಿ ಮೊದಮೊದಲು ತೆರೆದದ್ದು ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ. ವರ್ಲ್ಡ್ ವೈಡ್ ವೆಬ್ ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರು, ಮುಂದೆ ಜನ ಹೆಚ್ಚಿ ವೆಬ್ಬು ಕಿಕ್ಕಿರಿದರೆ ಏನು ಗತಿ ಎಂದು ಅಲ್ಲಿನ ಸಹೋದ್ಯೋಗಿಗಳನ್ನು ಕೇಳಿದರು. ಗಣಿತದ ಪ್ರಾಧ್ಯಾಪಕ ಟಾಮ್ ಲೇಟನ್, ಅವರ ಶಿಷ್ಯ ಡೇನಿಯಲ್ ಲೆವಿನ್ ಇಬ್ಬರೂ ಅದಕ್ಕೆ ಗಣಿತದಲ್ಲೇ ಉತ್ತರ ಹುಡುಕಿ, 1998ರಲ್ಲಿ ಅಕಮಾಯ್ ಕಂಪನಿ ಕಟ್ಟಿದರು. ಪುಟಗಳ ಪ್ರತಿಯನ್ನು ಊರೂರಿನ ಕಂಪ್ಯೂಟರುಗಳಲ್ಲಿ ಇಡುವುದು ಅದರ ಕೆಲಸವಾಗಿತ್ತು. ಪ್ರತಿ ಇಡುವುದರ ಜೊತೆಗೆ ಅಲ್ಲೇ ಪ್ರೋಗ್ರಾಮು ನಡೆಸುವ ರೂಢಿ ಆಮೇಲೆ ಬೆಳೆಯಿತು.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನು ಮುಂದಿದೆ. ಎಲ್ಲ ಕೆಲಸವನ್ನೂ ಹೀಗೆ ಹಂಚಲಾಗದು. ರೈಲಿನಲ್ಲಿ ಒಂದೇ ಸೀಟು ಉಳಿದಿದೆ ಎನ್ನಿ. ಮುಂಬೈನ ಕಂಪ್ಯೂಟರು ಅದನ್ನು ಒಬ್ಬರಿಗೆ ಕೊಟ್ಟಿತು, ಅದೇ ಗಳಿಗೆಯಲ್ಲಿ ಚೆನ್ನೈನದು ಇನ್ನೊಬ್ಬರಿಗೆ ಕೊಟ್ಟಿತು. ಒಂದು ಸೀಟಿಗೆ ಇಬ್ಬರು! ಅದಕ್ಕೇ ಚಿತ್ರ, ನಕ್ಷೆ, ಹುಡುಕಾಟವೆಲ್ಲ ಹತ್ತಿರದಲ್ಲೇ ನಡೆದರೂ, ಸೀಟಿನ ಲೆಕ್ಕವನ್ನು ಎಲ್ಲರೂ ಒಪ್ಪುವ ಒಂದೇ ಪುಸ್ತಕದಲ್ಲಿ ಬರೆಯಬೇಕು. ಅಷ್ಟಕ್ಕೆ ಮಾತ್ರ ಕೋರಿಕೆ ದೂರ ಹೋಗಿ ಬರಲಿ.

ಈಗ ನಿಮಗೊಂದು ಕೆಲಸ. ರಸಪ್ರಶ್ನೆಯ ಆ್ಯಪ್ ಒಂದನ್ನು ನೀವೇ ಕಟ್ಟುತ್ತೀರಿ ಎಂದುಕೊಳ್ಳಿ. ಪ್ರಶ್ನೆಗಳನ್ನು ಹತ್ತಿರದ ಊರುಗಳಲ್ಲಿ ಇಡಬಹುದು, ಅದು ಸುಲಭ. ಬೀದರಿನ ಮಗುವೂ ಚಾಮರಾಜನಗರದ ಮಗುವೂ ಹೆಚ್ಚುಕಡಿಮೆ ಒಟ್ಟಿಗೇ ಗುಂಡಿ ಒತ್ತಿದರೆ, ಮೊದಲು ಒತ್ತಿದವರು ಯಾರೆಂದು ಯಾವ ಊರಿನ ಕಂಪ್ಯೂಟರು ಹೇಳಬೇಕು?