ಬರದ ಮಕ್ಕಳು, ಅವರ ದುಡಿಮೆ

(ಪೆನುಕೊಂಡದ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೂಡಿರುವ ಈ ಪೆನುಕೊಂಡ 1882ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಎಂಬ ಎರಡು ಸಂವತ್ಸರ ಬರವೇ ಬರ. ಬಳ್ಳಾರಿ, ಕಡಪ, ಕರ್ನೂಲು ಸೀಮೆಗಳಿಗೆ ಬಲವಾದ ಪೆಟ್ಟು ಬಿತ್ತು.

ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು, ನಿಜ. ಆದರೆ 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಬಂದು ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಸ್ವಲ್ಪ ಕಾಸಿಗೆ ಇಳಿಸಿದರು. ಒಂದು ಪೌಂಡೆಂದರೆ ಅರ್ಧ ಕಿಲೋ ಕೂಡ ಆಗದು. ಅದನ್ನು ತಿಂದು ದಿನವಿಡೀ ಮೈಮುರಿದು ದುಡಿಯಬೇಕು! ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ವಿರೋಧಿಸಿದರು. ತಂದೆತಾಯಿ ಸತ್ತು ಮಕ್ಕಳು ಉಳಿದರು. ಅವರನ್ನು ಅನಾಥರನ್ನಾಗಿ ಮಾಡಿದ್ದು ಬರವೊಂದೇ ಅಲ್ಲ, ಆ ಕೂಲಿಯೂ ಹೌದು ಎಂದೇ ನಾನು ಹೇಳುವೆ.

ಆ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಷನ್ನಿನವರೂ ಇದ್ದರು. ಗಡಿಯಾಚೆ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ವೆಸ್ಲಿಯನ್ ಮಿಷನ್ ಅನಾಥಾಲಯ ತೆರೆದದ್ದು ಈ ಬರದಿಂದಲೇ. ಗಂಜಿಯ ಜೊತೆ ಅಕ್ಷರವೂ ಕೈಕಸುಬೂ ದೊರೆತವು. ಇದನ್ನು ಹಗುರವಾಗಿ ಕಾಣಬಾರದು. ಆದರೂ ಗಂಡಿಗೊಂದು ಊರು, ಹೆಣ್ಣಿಗೊಂದು ಊರು ಎಂದಮೇಲೆ ಅಣ್ಣತಂಗಿಯರ ಪಾಡೇನು?

ಕಸುಬಿನ ಮಾತಿಗೆ ಬರೋಣ, ದುಡಿಯುವ ನಮಗೆ ಅದೇ ಮುಖ್ಯ. ಬರಕ್ಕೆ ಮುಂಚೆಯೇ, 1850ರಲ್ಲಿ, ಅಪ್ರೆಂಟಿಸ್ ಕಾಯಿದೆ ಬಂದಿತ್ತು. ಧರ್ಮದ ಹಣದಲ್ಲಿ ಬೆಳೆದ ಅನಾಥರು, ಬಡಮಕ್ಕಳು ಕಸುಬು ಕಲಿತು ಬದುಕಲಿ ಎಂಬುದು ಅದರ ಉದ್ದೇಶ. 10ರಿಂದ 18 ವಯಸ್ಸಿನ ಮಗುವನ್ನು 7 ವರ್ಷದವರೆಗೆ ಒಬ್ಬ ಯಜಮಾನನಿಗೆ ಕರಾರು ಮಾಡಿಕೊಡಬಹುದಿತ್ತು. ತಂದೆ ಇಲ್ಲದ ಮಗುವಿಗೆ ಮ್ಯಾಜಿಸ್ಟ್ರೇಟರೇ ಪಾಲಕರ ಸ್ಥಾನದಲ್ಲಿ ನಿಲ್ಲಬಹುದಿತ್ತು. ಕಲಿಸುವುದು ಒಳ್ಳೆಯದೇ. ಆದರೆ ತನ್ನವರೆಂಬವರು ಒಬ್ಬರೂ ಇಲ್ಲದ ಮಗುವಿಗೆ ಕೂಲಿ ಕೇಳುವ ಬಾಯಿ ಎಲ್ಲಿಯದು? ಈ ಕಾಯಿದೆ ರದ್ದಾದದ್ದು 1961ರಲ್ಲಿ, 111 ವರ್ಷಗಳ ಮೇಲೆ.

2015ರ ಬಾಲನ್ಯಾಯ ಕಾಯಿದೆ ಬೇರೆ ಮಾತು ಹೇಳುತ್ತದೆ. ಮಗುವನ್ನು ಸಂಸ್ಥೆಯಲ್ಲಿಡುವುದು ಕಡೆಯ ದಾರಿ. ಮೊದಲು ಸ್ವಂತ ಮನೆ, ನಂಟರು, ಸಾಕುಮನೆ. ಪ್ರತಿ ಮಕ್ಕಳ ಮನೆಯೂ ನೋಂದಣಿಯಾಗಲೇಬೇಕು. ಏಕೆಂದರೆ ಅನಾಥಾಲಯದಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿ ಬದುಕಿದ್ದಾಳೆ. ಆಕೆಗೆ ಸಾಕುವ ಶಕ್ತಿ ಇಲ್ಲ, ಅಷ್ಟೆ.

ಆದುದರಿಂದ ಯಾರಾದರೂ ಅನಾಥಾಲಯಕ್ಕೆಂದು ಚಂದಾ ಕೇಳಿ ನಿಮ್ಮ ಬಾಗಿಲಿಗೆ ಬಂದರೆ ಮೊದಲು ನೋಂದಣಿ ಪತ್ರ ಕೇಳಿ. ಆಮೇಲೆ, ಎಷ್ಟು ಮಕ್ಕಳಿಗೆ ತಾಯಿ ಇದ್ದಾಳೆ, ಆಕೆ ಎಲ್ಲಿ ಕೂಲಿ ಮಾಡುತ್ತಾಳೆ, ದಿನಕ್ಕೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿ.