ವಾರಾನ್ನದ ಮೊದಲ ದಿನಗಳು



1956ರ ನವೆಂಬರ್ 1ರಂದು ನಮ್ಮ ನಾರಾಯಣಖೇಡ್ ತಾಲೂಕು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದಲ್ಲಿಯೇ ಮುಂದೆ ಓದಲು ಹೊರಟ ನಮಗೆ ನಿನ್ನೆಯ ಜಿಲ್ಲಾಸ್ಥಳವೇ ಪರರಾಜ್ಯವಾಗಿತ್ತು. ಅಲ್ಲಿ ವಾರಾನ್ನದ ಮನೆಗಳೇ ಆಸರೆ. ಮೊದಲ ದಿನಗಳಲ್ಲಿ ಎರಡನೆಯ ರೊಟ್ಟಿ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಸೋಮವಾರದ ಮನೆಯ ತಾಯಿ ಇದನ್ನರಿತು ಕೇಳದೆಯೇ ಬಡಿಸಿದರು. ಬಳಿಕ, “ತಮ್ಮಾ, ಎರಡು ಕೊಡ ನೀರು ಸೇದಿಡು” ಎಂದರು. ಕೈಗೆ ಹಗ್ಗ ಬಂದ ಆ ದಿನವೇ ಸಂಕೋಚ ಕರಗಿತು. ಅನ್ನವಿಕ್ಕುವವರು ಹಲವರು, ಕೆಲಸ ಹೇಳುವಷ್ಟು ಸಲಿಗೆ ತೋರುವವರು ವಿರಳ.

ಇಂದು ಮಕ್ಕಳು ಅಮೆರಿಕೆಯಲ್ಲಿ ಅಪರಿಚಿತರ ಮನೆಯಲ್ಲಿದ್ದು ಓದುತ್ತಾರೆ. ಆ ಮನೆಯವರು ತಟ್ಟೆ ತೊಳೆಯಲು ಹೇಳಿದರೆಂದು ಮಗಳು ಫೋನಿನಲ್ಲಿ ದೂರಿದರೆ, ತಾಯಂದಿರೇ, ದಯವಿಟ್ಟು ಗಾಬರಿಯಾಗಬೇಡಿ.