ನಿಂತ ಚಿತ್ರಕ್ಕೆ ಚಲನೆ



ಶಾಲೆಯ ವಾರ್ಷಿಕೋತ್ಸವಕ್ಕೋ, ಊರಿನ ಇತಿಹಾಸದ ಪ್ರಾಜೆಕ್ಟಿಗೋ ಹಳೆಯ ಫೋಟೋಗಳನ್ನು ಜೋಡಿಸಿ ವಿಡಿಯೋ ಮಾಡುವ ಕೆಲಸ ನಿಮ್ಮಲ್ಲಿ ಅನೇಕರ ಪಾಲಿಗೆ ಬಂದಿರುತ್ತದೆ. ಫೋಟೋ ಅಲುಗಾಡುವುದಿಲ್ಲ; ಪರದೆಯ ಮುಂದೆ ಕುಳಿತವರ ಕಣ್ಣು ಮಾತ್ರ ಚಲನೆಯನ್ನು ಬಯಸುತ್ತದೆ. ಇವೆರಡನ್ನೂ ಹೊಂದಿಸುವ ಉಪಾಯವೇ ಪ್ಯಾನ್ ಮತ್ತು ಜೂಮ್. ಚಿತ್ರದ ಮೇಲೆ ನಮ್ಮ ನೋಟ ಪಕ್ಕಕ್ಕೆ ಸರಿದರೆ ಪ್ಯಾನ್. ಹತ್ತಿರವಾದರೆ ಅಥವಾ ದೂರ ಸರಿದರೆ ಜೂಮ್. ಇದರ ಹಿಂದಿರುವ ಲೆಕ್ಕವನ್ನೂ, ಆ ಲೆಕ್ಕದ ಜೊತೆಗೇ ಬರುವ ಒಂದು ಹೊಣೆಯನ್ನೂ ಇಂದು ವಿಚಾರ ಮಾಡೋಣ.

ಈ ಕ್ರಮ ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ. ಹಿಂದೆ ಮೇಜಿನ ಮೇಲೆ ಫೋಟೋ ಇಟ್ಟು, ಮೇಲಿನಿಂದ ಕ್ಯಾಮರಾ ತೂಗುಹಾಕಿ ಚಿತ್ರೀಕರಿಸುತ್ತಿದ್ದರು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ 1957ರಲ್ಲಿ ‘ಸಿಟಿ ಆಫ್ ಗೋಲ್ಡ್’ ಎಂಬ ಕಿರುಚಿತ್ರ ತಯಾರಿಸಿತು. ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ ಅದರ ನಿರ್ದೇಶಕರು. ಚಿನ್ನ ಹುಡುಕಿ ಡಾಸನ್ ನಗರಕ್ಕೆ ಮುಗಿಬಿದ್ದ ಜನರ ಹಳೆಯ ಫೋಟೋಗಳ ಮೇಲೆ ಅವರು ಕ್ಯಾಮರಾವನ್ನು ಓಡಾಡಿಸಿದರು. ಮುಂದೆ ಅಮೆರಿಕದ ಕೆನ್ ಬರ್ನ್ಸ್ ‘ದಿ ಸಿವಿಲ್ ವಾರ್’ ಸರಣಿಯಲ್ಲಿ ಇದೇ ಕ್ರಮವನ್ನು ಬಳಸಿದರು. ಅದು ಪ್ರಸಾರವಾದದ್ದು 1990ರಲ್ಲಿ. ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಆಗ ಚಲನಚಿತ್ರವೇ ಇರಲಿಲ್ಲ, ಇದ್ದದ್ದು ಸ್ಥಿರಚಿತ್ರಗಳು ಮಾತ್ರ. 2003ರಲ್ಲಿ ಆಪಲ್ ಕಂಪನಿ ತನ್ನ ಐಮೂವಿ ತಂತ್ರಾಂಶದಲ್ಲಿ ಈ ಪರಿಣಾಮಕ್ಕೆ ಬರ್ನ್ಸ್ ಅವರ ಹೆಸರನ್ನೇ ಇಟ್ಟಿತು.

ತಂತ್ರಾಂಶ ಮಾಡುವುದೇನು? ಫೋಟೋದ ಮೇಲೆ ನೀವು ಎರಡು ಚೌಕಟ್ಟು ಗುರುತಿಸುತ್ತೀರಿ: ನೋಟ ಎಲ್ಲಿ ಆರಂಭವಾಗಬೇಕು, ಎಲ್ಲಿ ಮುಗಿಯಬೇಕು. ಇವು ಕೀಫ್ರೇಮುಗಳು. ಸೆಕೆಂಡಿಗೆ 25 ಫ್ರೇಮಿನಂತೆ 5 ಸೆಕೆಂಡಿಗೆ 125 ಫ್ರೇಮು ಬೇಕು. ನಡುವಿನ ಎಲ್ಲ ಚೌಕಟ್ಟುಗಳನ್ನೂ ಕಂಪ್ಯೂಟರು ಲೆಕ್ಕ ಹಾಕಿ ತುಂಬುತ್ತದೆ.

ಇಲ್ಲಿ ನಿಮ್ಮ ಗಣಿತದ ಪಾಠ ನೆನಪಿಗೆ ಬರಲಿ. 5 ಸೆಕೆಂಡಿನಲ್ಲಿ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸಬೇಕೆನ್ನಿ. ಸೆಕೆಂಡಿಗೆ 0.2ರಂತೆ ಕೂಡುತ್ತಾ ಹೋದರೆ ಅದು ಸಮಾಂತರ ಶ್ರೇಢಿ. ಮೊದಲ ಸೆಕೆಂಡಿನಲ್ಲಿ ಚಿತ್ರ ಶೇಕಡಾ 20ರಷ್ಟು ಬೆಳೆಯುತ್ತದೆ. ಕೊನೆಯ ಸೆಕೆಂಡಿನಲ್ಲಿ 1.8ರಿಂದ 2ಕ್ಕೆ, ಅಂದರೆ ಶೇಕಡಾ 11ರಷ್ಟು ಮಾತ್ರ. ಹೀಗಾಗಿ ಜೂಮ್ ಬರಬರುತ್ತಾ ಮಂದವಾದಂತೆ ಕಾಣುತ್ತದೆ. ವೇಗ ಒಂದೇ ಸಮನಾಗಿ ತೋರಬೇಕಾದರೆ ಗುಣೋತ್ತರ ಶ್ರೇಢಿ ಬೇಕು: ಪ್ರತಿ ಸೆಕೆಂಡಿಗೂ ಸುಮಾರು ಶೇಕಡಾ 15ರ ಏರಿಕೆ.

ಇನ್ನೊಂದು ಲೆಕ್ಕ ಫೋಟೋದ ಗಾತ್ರದ್ದು. ಎಚ್‌ಡಿ ಪರದೆಯ ಅಗಲ 1920 ಪಿಕ್ಸೆಲ್, ಎತ್ತರ 1080. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಫೋಟೋವನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 1800 ಪಿಕ್ಸೆಲ್ ಸಿಗುತ್ತದೆ. ಅದು ಪರದೆ ತುಂಬುವುದಕ್ಕೇ ಸಾಲದು. 600ರಂತೆ ಮಾಡಿದರೆ 3600 ಸಿಗುತ್ತದೆ, ಸುಮಾರು 1.9 ಪಟ್ಟು ಹತ್ತಿರ ಹೋಗಬಹುದು. ಅದನ್ನೂ ಮೀರಿದರೆ ಮುಖಗಳು ಮಸುಕಾಗುತ್ತವೆ. ಇಲ್ಲದ ವಿವರವನ್ನು ಜೂಮ್ ತಂದುಕೊಡಲಾರದು.

ಈಗ ಹೊಣೆಯ ಮಾತು. ಒಂದು ಹಳೆಯ ತರಗತಿಯ ಫೋಟೋ ಇದೆಯೆಂದು ಭಾವಿಸಿ. ನಡುವೆ ಕುರ್ಚಿಯಲ್ಲಿ ಹೆಡ್‌ಮಾಸ್ತರರು, ಎಡಬಲಕ್ಕೆ ಮೇಷ್ಟ್ರುಗಳು, ಹಿಂದೆ ಮಕ್ಕಳು, ತೀರ ಅಂಚಿನಲ್ಲಿ ನಿಂತ ಶಾಲೆಯ ಜವಾನ. ಹೆಡ್‌ಮಾಸ್ತರರ ಮುಖದ ಕಡೆಗೆ ಜೂಮ್ ಮಾಡಿದರೆ ಅದು ಅವರ ಕಥೆ. ಅಲ್ಲಿಂದ ಹೊರಟು ನಿಧಾನವಾಗಿ ಅಂಚಿಗೆ ಬಂದು ಜವಾನನ ಮೇಲೆ ನಿಂತರೆ, ದಿನವೂ ಗಂಟೆ ಬಾರಿಸಿದವನ ಕಥೆ. ಫೋಟೋ ಒಂದೇ, ಎಲ್ಲಿ ನಿಲ್ಲಿಸಿದಿರಿ ಎಂಬುದರ ಮೇಲೆ ಅರ್ಥ ಬೇರೆಯಾಯಿತು. ಆ ಅಂಚನ್ನು ತೋರಿಸದೆಯೇ ಬಿಟ್ಟರೆ, ನೋಡುವವರ ಪಾಲಿಗೆ ಅಂಥ ಮನುಷ್ಯ ಆ ಶಾಲೆಯಲ್ಲಿ ಇರಲೇ ಇಲ್ಲ.

ಸಭೆಯ ಚಿತ್ರದಲ್ಲಿ ಇದು ಇನ್ನೂ ಸೂಕ್ಷ್ಮ. ಮುಂದಿನ ಎರಡು ಸಾಲನ್ನೇ ಚೌಕಟ್ಟಿನಲ್ಲಿ ತುಂಬಿದರೆ ಜನಸಾಗರ. ಹಿಂದಕ್ಕೆ ಸರಿದರೆ ಖಾಲಿ ಮೈದಾನ. ಎರಡೂ ಅದೇ ಫೋಟೋದಲ್ಲಿವೆ. ಮೊದಲನೆಯದನ್ನಷ್ಟೇ ತೋರಿಸಿದವರು ಸುಳ್ಳು ಚಿತ್ರ ತೋರಿಸಲಿಲ್ಲ ನಿಜ, ಆದರೆ ನೋಡುವವರು ಸುಳ್ಳನ್ನೇ ನಂಬಿ ಎದ್ದುಹೋಗುತ್ತಾರೆ. ಆದ್ದರಿಂದ ದಾಖಲೆಯಾಗಿ ಬಳಸುವ ಪ್ರತಿಯೊಂದು ಫೋಟೋವನ್ನೂ ಒಮ್ಮೆಯಾದರೂ ಪೂರ್ತಿಯಾಗಿ ತೋರಿಸಬೇಕು. ಪಕ್ಕದಲ್ಲಿ ಕಪ್ಪು ಪಟ್ಟಿ ಉಳಿದರೂ ಚಿಂತೆಯಿಲ್ಲ.

ಈಗಿನ ಅನೇಕ ತಂತ್ರಾಂಶಗಳಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲ ಫೋಟೋಗಳೂ ತಾವಾಗಿಯೇ ಚಲಿಸತೊಡಗುತ್ತವೆ. ಅನುಕೂಲವೇನೋ ಹೌದು. ಆದರೆ ಆ ಫೋಟೋದಲ್ಲಿ ಅಜ್ಜಿ ಯಾರು, ಅವರ ಕೈಯಲ್ಲಿರುವ ಪತ್ರ ಯಾರದು ಎಂಬುದು ಯಂತ್ರಕ್ಕೆ ತಿಳಿಯದು, ನಿಮಗೆ ತಿಳಿದಿದೆ. ಎಲ್ಲ ಚಿತ್ರಗಳೂ ಚಲಿಸಲೇಬೇಕೆಂಬ ನಿಯಮವೂ ಇಲ್ಲ. ಕೆಲವು ಮುಖಗಳನ್ನು ಸುಮ್ಮನೆ ನಿಲ್ಲಿಸಿ ನೋಡಲು ಬಿಡುವುದೇ ಸರಿ.

ಮನೆಯ ಆಲ್ಬಮ್ಮಿನಿಂದ ಒಂದು ಫೋಟೋ ಆರಿಸಿಕೊಳ್ಳಿ. ಅದರಲ್ಲಿ ಯಾರಿದ್ದಾರೆಂದು ಹಿರಿಯರನ್ನು ಕೇಳಿ ತಿಳಿಯಿರಿ. ಆಮೇಲೆ ಅದನ್ನು ಮೂರು ಬಗೆಯಲ್ಲಿ ಚಲಿಸುವಂತೆ ಮಾಡಿ, ಸ್ನೇಹಿತರಿಗೆ ತೋರಿಸಿ, ಪ್ರತಿ ಸಲವೂ ಏನು ಅರ್ಥವಾಯಿತೆಂದು ಕೇಳಿ. ಅವರ ಉತ್ತರಗಳು ಬೇರೆ ಬೇರೆಯಾದರೆ, ಚೌಕಟ್ಟನ್ನು ಎಲ್ಲಿಡಬೇಕೆಂದು ನೀವು ಯೋಚಿಸತೊಡಗುತ್ತೀರಿ. ಅಲ್ಲಿಂದ ಮುಂದಿನ ಕೆಲಸ ಸುಲಭ.